ಸಂಶಯದ ಲಾಭ ಯಾರಿಗೆ?

ನ್ಯಾಯಾಲಯಗಳಲ್ಲಿ ಒಂದು ಒಳ್ಳೆಯ ನಿಯಮವುಂಟು. ಆರೋಪವು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗದೆ ಹೋದರೆ ಆ ಸಂಶಯದ ಲಾಭ ಆರೋಪಿಗೆ ಸಲ್ಲತಕ್ಕದ್ದು. ಹತ್ತು ಮಂದಿ ಅಪರಾಧಿಗಳು ತಪ್ಪಿಸಿಕೊಂಡರೂ ಚಿಂತೆಯಿಲ್ಲ, ಒಬ್ಬ ನಿರಪರಾಧಿಗೆ ಶಿಕ್ಷೆಯಾಗಕೂಡದು ಎಂದು ಬಲ್ಲವರು ಅದನ್ನು ಸಮರ್ಥಿಸುತ್ತ ಬಂದಿದ್ದಾರೆ. ಮೇಲುನೋಟಕ್ಕೆ ಇದು ಬರಿಯ ಕರುಣೆಯ ಮಾತಿನಂತೆ ಕಾಣುತ್ತದೆ. ಆದರೆ ಅದರ ಒಳಗೆ ಒಂದು ಬಿಗಿಯಾದ ಲೆಕ್ಕವಿದೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಆದ್ದರಿಂದ ಯಾವ ತಪ್ಪನ್ನು ಮುಂದೆ ತಿದ್ದಿಕೊಳ್ಳಬಹುದು, ಯಾವುದನ್ನು ತಿದ್ದಲು ಬಾರದು ಎಂದು ಮೊದಲೇ ಯೋಚಿಸಿ, ತಿದ್ದಲಾಗದ ತಪ್ಪಿನಿಂದ ದೂರ ನಿಲ್ಲಬೇಕೆಂಬುದು ಆ ಲೆಕ್ಕ. ಬಿಟ್ಟುಕೊಟ್ಟ ಕಳ್ಳನನ್ನು ನಾಳೆ ಹಿಡಿಯಬಹುದು. ಗಲ್ಲಿಗೇರಿಸಿದವನನ್ನು ಮರಳಿ ಕರೆಯಲಾಗದು.

ಕಡಲಿನ ಜೀವಿಗಳ ರಕ್ಷಣೆಗಾಗಿ ವಿಜ್ಞಾನಿಗಳು ನಡೆಸಿರುವ ಸಂಶೋಧನೆಗಳ ವಿಷಯವನ್ನು ಓದುತ್ತ ಹೋದಂತೆ ಈ ನಿಯಮ ನನಗೆ ಮತ್ತೆ ಮತ್ತೆ ನೆನಪಾಗಿದೆ. ಅಲ್ಲಿಯೂ ಒಂದು ಮೊಕದ್ದಮೆ ನಡೆಯುತ್ತಿದೆ. ಮೀನು ಕಡಮೆಯಾಗುತ್ತಿದೆ, ಹಿಡಿಯುವುದನ್ನು ನಿಲ್ಲಿಸಬೇಕು ಎಂದು ಒಬ್ಬರು. ಹಾಗೆಂದು ಖಚಿತವಾಗಿ ಗೊತ್ತೇ ಎಂದು ಇನ್ನೊಬ್ಬರು. ಖಚಿತವಾಗಿ ಗೊತ್ತಿಲ್ಲವೆಂಬುದು ಪ್ರಾಮಾಣಿಕನಾದ ವಿಜ್ಞಾನಿಯ ಉತ್ತರ. ಹಾಗಾದರೆ ಸಂಶಯದ ಲಾಭ ಯಾರಿಗೆ? ಬಲೆಗೋ, ಮೀನಿಗೋ? ಆರೋಪಿ ಬಲೆ ಎಂದುಕೊಂಡರೆ ಬಲೆ ಬಿಡುಗಡೆಯಾಗುತ್ತದೆ. ಆದರೆ ಬಲೆ ಬಿಡುಗಡೆಯಾದ ಆ ಗಳಿಗೆಯಲ್ಲಿಯೇ, ಕಟಕಟೆಯಲ್ಲಿ ನಿಂತೇ ಇರದ ಮೀನಿಗೆ ಮರಣದಂಡನೆಯಾಗಿರುತ್ತದೆ.

ಮುಂದುವರಿಯುವ ಮೊದಲು ನನ್ನ ಸ್ಥಾನವನ್ನು ಹೇಳಿಬಿಡುವುದು ಮೇಲು. ನಾನು ಬಯಲುಸೀಮೆಯವನು, ಮೀನು ಬೇಯದ ಮನೆಯಲ್ಲಿ ಬೆಳೆದವನು. ಕಡಲೆಂದರೆ ನನಗೆ ರಜೆಯಲ್ಲಿ ಎರಡು ದಿನ ನೋಡಿ ಬರುವ ಒಂದು ದೊಡ್ಡ ನೀರು. ಇಂಥವನಿಗೆ ಮೀನು ಹಿಡಿಯಬೇಡಿರೆಂದು ಉಪದೇಶ ಮಾಡುವುದಕ್ಕಿಂತ ಸುಲಭವಾದ ಧರ್ಮಕಾರ್ಯ ಇನ್ನೊಂದಿಲ್ಲ. ನಾವು ಬಿಡಬೇಕಾದುದು ಏನೂ ಇಲ್ಲದಿರುವಾಗ ತ್ಯಾಗದ ಮಹಿಮೆಯನ್ನು ಎಷ್ಟು ಬೇಕಾದರೂ ಹೊಗಳಬಹುದು. ಆದಕಾರಣ ಓದುಗರು ನನ್ನ ತೀರ್ಮಾನವನ್ನು ಸ್ವಲ್ಪ ಅನುಮಾನದಿಂದಲೇ ನೋಡುವುದು ನ್ಯಾಯ. ನಾನೂ ಹಾಗೆಯೇ ನೋಡಲು ಪ್ರಯತ್ನಿಸಿದ್ದೇನೆ.

ಮೊದಲು ಬಲೆಯ ಪರವಾದ ವಕೀಲನ ಮಾತನ್ನು ಕೇಳೋಣ. ಆ ವಕೀಲ ಸಾಮಾನ್ಯನಲ್ಲ. ಡಾರ್ವಿನ್ನನ ಸಿದ್ಧಾಂತಕ್ಕಾಗಿ ಊರೆಲ್ಲರೊಡನೆ ಜಗಳವಾಡಿದ ಥಾಮಸ್ ಹೆನ್ರಿ ಹಕ್ಸ್‌ಲಿ. 1883ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಅಂತರರಾಷ್ಟ್ರೀಯ ಮೀನುಗಾರಿಕೆ ಪ್ರದರ್ಶನ ನಡೆಯಿತು. ಹಕ್ಸ್‌ಲಿ ಆಗ ಸರ್ಕಾರದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಕೂಡ ಆಗಿದ್ದ. ನದಿಯ ಸಾಮನ್ ಮೀನನ್ನು ಮನುಷ್ಯ ಬರಿದುಮಾಡಬಲ್ಲನೆಂದು ಆತ ಒಪ್ಪಿದ. ಆದರೆ ಕಾಡ್, ಹೆರಿಂಗ್ ಮೊದಲಾದ ದೊಡ್ಡ ಕಡಲ ಮೀನುಗಾರಿಕೆಗಳು ಬಹುಶಃ ಎಂದಿಗೂ ಬತ್ತಲಾರವು ಎಂದ. ಕಾರಣವನ್ನೂ ಕೊಟ್ಟ. ಕಡಲಿನಲ್ಲಿ ಮೀನು ಅಸಂಖ್ಯಾತ. ಅದರ ಸಹಜ ಶತ್ರುಗಳು ತಿಂದುಹಾಕುವ ರಾಶಿಯ ಮುಂದೆ ಮನುಷ್ಯ ಹಿಡಿಯುವುದು ತೀರ ಅಲ್ಪ. ಆದ್ದರಿಂದ ನಾವು ಹಿಡಿಯುವುದರಿಂದ ಮೀನಿನ ಸಂಖ್ಯೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮವಾಗದು. ಅದೇ ಪ್ರದರ್ಶನದಲ್ಲಿ ರೇ ಲ್ಯಾಂಕಸ್ಟರ್ ಎಂಬ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ಈ ಮಾತನ್ನು ಒಪ್ಪಲಿಲ್ಲ. ಆದರೆ ಜಗತ್ತು ಕೇಳಿದ್ದು ಹಕ್ಸ್‌ಲಿಯ ಮಾತನ್ನು.

ಹಕ್ಸ್‌ಲಿ ಮೂರ್ಖನಾಗಿರಲಿಲ್ಲ, ಲೋಭಿಯೂ ಆಗಿರಲಿಲ್ಲ. ಕಣ್ಣೆದುರಿಗಿದ್ದ ಹಾಯಿದೋಣಿಗಳನ್ನೂ ಗಾಳಗಳನ್ನೂ ನೋಡಿ ಮಾತನಾಡಿದ. ಈಗ ಬಳಕೆಯಲ್ಲಿರುವ ಹಿಡಿಯುವ ವಿಧಾನಗಳನ್ನು ಗಮನಿಸಿದರೆ ಎಂಬ ಎಚ್ಚರಿಕೆಯ ಮಾತನ್ನೂ ಸೇರಿಸಿದ್ದ. ಮಾತಿನ ಸಾರ ಉಳಿಯಿತು, ಎಚ್ಚರಿಕೆ ಬಿದ್ದುಹೋಯಿತು. ಪಂಡಿತರ ಮಾತುಗಳಿಗೆ ಹೀಗಾಗುವುದು ಹೊಸದಲ್ಲ. ಷರತ್ತನ್ನು ಮರೆತು ತೀರ್ಪನ್ನು ಮಾತ್ರ ನೆನಪಿಡುವುದು ಎಲ್ಲರಿಗೂ ಅನುಕೂಲ.

ಇನ್ನು ಮೊಕದ್ದಮೆಯ ಸಂಗತಿಗಳು. ಅಟ್ಲಾಂಟಿಕ್ ಸಾಗರದ ಪಶ್ಚಿಮದ ಅಂಚಿನಲ್ಲಿ, ಈಗಿನ ಕೆನಡಾ ದೇಶಕ್ಕೆ ಸೇರಿದ ನ್ಯೂಫೌಂಡ್ಲೆಂಡ್ ಎಂಬ ದ್ವೀಪವಿದೆ. ಮಣ್ಣು ತೆಳು, ಚಳಿ ಹೆಚ್ಚು. ಜನ ಅಲ್ಲಿ ನೆಲೆಸಿದ್ದು ನೆಲಕ್ಕಾಗಿ ಅಲ್ಲ, ಕಾಡ್ ಎಂಬ ಮೀನಿಗಾಗಿ. 1497ರಲ್ಲಿ ಜಾನ್ ಕ್ಯಾಬಟ್ ಆ ಕಡೆಗೆ ಹೋಗಿ ಬಂದಾಗ, ಕಲ್ಲು ಕಟ್ಟಿದ ಬುಟ್ಟಿಯನ್ನು ನೀರಿಗಿಳಿಸಿದರೆ ಸಾಕು ಮೀನು ತುಂಬಿಕೊಳ್ಳುತ್ತದೆಂದು ಅವನ ಸಂಗಡಿಗರು ಹೇಳಿದ್ದನ್ನು ಲಂಡನ್ನಿನಲ್ಲಿದ್ದ ಮಿಲಾನಿನ ರಾಯಭಾರಿ ತನ್ನ ದೊರೆಗೆ ಬರೆದು ಕಳುಹಿಸಿದ. ಅಲ್ಲಿಂದ ಮುಂದೆ ನಾಲ್ಕೂವರೆ ಶತಮಾನ ಗಾಳ, ಗೂಡುಬಲೆ, ಸಣ್ಣ ದೋಣಿಗಳಿಂದ ಮೀನು ಹಿಡಿದರು, ಉಪ್ಪು ಹಾಕಿ ಒಣಗಿಸಿದರು, ಮಾರಿದರು. ಮೀನು ಮುಗಿಯಲಿಲ್ಲ.

1954ರಲ್ಲಿ ಬ್ರಿಟನ್ನಿನ ‘ಫೇರ್‌ಟ್ರೈ’ ಎಂಬ ಹೊಸ ಬಗೆಯ ಹಡಗು ಆ ಸಾಗರಕ್ಕೆ ಇಳಿಯಿತು. ಅದು ಮೀನು ಹಿಡಿಯುವ ಹಡಗು ಮಾತ್ರವಲ್ಲ, ತೇಲುವ ಕಾರ್ಖಾನೆ. ಬಲೆ ಎಳೆದಲ್ಲೇ ಮೀನನ್ನು ಕೊಯ್ದು, ಹೆಪ್ಪುಗಟ್ಟಿಸಿ ತುಂಬಿಕೊಳ್ಳಬಹುದು. ವಾರಗಟ್ಟಲೆ ದಡದ ಹಂಗಿಲ್ಲ. ಅದರ ಹಿಂದೆ ರಷ್ಯ, ಜರ್ಮನಿ, ಸ್ಪೇನ್, ಪೋರ್ಚುಗಲ್ ದೇಶಗಳ ಹಡಗುಗಳು ಬಂದವು. 1968ರ ಒಂದೇ ವರ್ಷದಲ್ಲಿ ಉತ್ತರದ ಕಾಡ್ ಮೀನನ್ನು ಸುಮಾರು 8 ಲಕ್ಷ ಟನ್ನಿನಷ್ಟು ಎತ್ತಿದರು. ಅಲ್ಲಿಂದ ಇಳಿತ. 1977ರಲ್ಲಿ ಕೆನಡಾ ತನ್ನ ಕಡಲಿನ ಗಡಿಯನ್ನು 200 ಮೈಲಿಗೆ ವಿಸ್ತರಿಸಿ ಹೊರಗಿನವರಲ್ಲಿ ಹೆಚ್ಚಿನವರನ್ನು ದೂರ ಕಳುಹಿಸಿತು. ಕಳ್ಳರು ಹೋದರು, ಇನ್ನು ಮನೆ ನಮ್ಮದು ಎಂದು ಎಲ್ಲರೂ ಸಂತೋಷಪಟ್ಟರು. ಆಮೇಲೆ ತಮ್ಮದೇ ದೊಡ್ಡ ಹಡಗುಗಳನ್ನು ಕಟ್ಟಿದರು.

ಆದರೆ ಈ ಸಲ ಅಂಧಾಧುಂಧಿ ಇರಲಿಲ್ಲ. ಇಲಾಖೆಯಿತ್ತು, ವಿಜ್ಞಾನಿಗಳಿದ್ದರು, ಪ್ರತಿ ವರ್ಷ ಇಷ್ಟೇ ಟನ್ನು ಹಿಡಿಯತಕ್ಕದ್ದೆಂಬ ಮಿತಿಯಿತ್ತು. ಕಡಲಿನ ರಕ್ಷಣೆಗೆ ವಿಜ್ಞಾನದ ನೆರವಿಲ್ಲದೆ ಹೋದದ್ದರಿಂದ ನಾಶವಾಯಿತು ಎನ್ನುವ ಹಾಗಿಲ್ಲ. ಆ ಕಾಲದಲ್ಲಿ ಜಗತ್ತಿನಲ್ಲಿಯೇ ಬಹಳ ಎಚ್ಚರಿಕೆಯಿಂದ ಲೆಕ್ಕವಿಟ್ಟ ಮೀನುಗಳಲ್ಲಿ ಇದೂ ಒಂದು. ನನ್ನನ್ನು ಈ ಕಥೆ ಹಿಡಿದು ನಿಲ್ಲಿಸಿದ್ದು ಅದಕ್ಕಾಗಿಯೇ.

ಕಡಲಿನ ಮೀನನ್ನು ಎಣಿಸುವುದು ಹೇಗೆ? ಕಾಡಿನ ಮರ ಎಣಿಸಿದ ಹಾಗೆಯೇ, ಆದರೆ ಈ ಮರಗಳು ಕಣ್ಣಿಗೆ ಬೀಳುವುದಿಲ್ಲ, ನಿಂತಲ್ಲಿ ನಿಲ್ಲುವುದೂ ಇಲ್ಲ ಎಂದು ಆ ವಿದ್ಯೆಯವರೇ ತಮಾಷೆ ಮಾಡಿಕೊಳ್ಳುತ್ತಾರೆ. ಒಂದು ದಾರಿ, ಸಂಶೋಧನೆಯ ಹಡಗಿನಲ್ಲಿ ಹೋಗಿ, ಚೀಟಿ ಎತ್ತಿದಂತೆ ಆರಿಸಿದ ಸ್ಥಳಗಳಲ್ಲಿ ಒಂದೇ ಬಗೆಯ ಬಲೆಯನ್ನು ಒಂದೇ ಅವಧಿಯವರೆಗೆ ಎಳೆದು, ಸಿಕ್ಕಷ್ಟನ್ನು ಲೆಕ್ಕ ಹಾಕುವುದು. ಮೀನಿನ ಕಿವಿಯೊಳಗೆ ಒಂದು ಸಣ್ಣ ಕಲ್ಲಿರುತ್ತದೆ; ಅದರಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ. ಅದನ್ನು ನೋಡಿ ವಯಸ್ಸು ತಿಳಿಯುತ್ತಾರೆ. ಇನ್ನೊಂದು ದಾರಿ, ವ್ಯಾಪಾರದ ಹಡಗುಗಳು ಒಂದು ಗಂಟೆ ಬಲೆ ಎಳೆದರೆ ಎಷ್ಟು ಸಿಗುತ್ತದೆಂದು ನೋಡುವುದು. ಹೆಚ್ಚು ಸಿಕ್ಕರೆ ಮೀನು ಹೆಚ್ಚು, ಕಡಮೆ ಸಿಕ್ಕರೆ ಕಡಮೆ. ಮೇಲಿಂದ ನೋಡಿದರೆ ಇದರಲ್ಲಿ ತಪ್ಪು ಕಾಣದು.

1980ರ ದಶಕದಲ್ಲಿ ಈ ಎರಡು ದಾರಿಗಳು ಬೇರೆ ಬೇರೆ ಊರಿಗೆ ಹೋದವು. ಸಂಶೋಧನೆಯ ಹಡಗಿನ ಲೆಕ್ಕ ಕಡಮೆ ತೋರಿಸಿತು. ವ್ಯಾಪಾರದ ಹಡಗುಗಳ ಲೆಕ್ಕ ಹೆಚ್ಚು ತೋರಿಸಿತು. ವಿಜ್ಞಾನಿಗಳು ಎರಡನ್ನೂ ಹೊಂದಿಸಿಕೊಂಡು ಒಂದು ಮೊತ್ತವನ್ನು ಕಟ್ಟಿದರು. ನಿಜ ಸಂಗತಿ ಬೇರೆ ಇತ್ತು. ನಮ್ಮ ಊರ ಕೆರೆ ಬತ್ತುವುದನ್ನು ನೋಡಿದವರಿಗೆ ಇದನ್ನು ಬೇಗ ಹೇಳಬಹುದು. ಬೇಸಗೆಯಲ್ಲಿ ನೀರು ಇಳಿದಂತೆ ಮೀನೆಲ್ಲ ಉಳಿದ ಒಂದು ಹೊಂಡಕ್ಕೆ ಬಂದು ಸೇರುತ್ತದೆ. ಆಗ ಬಲೆ ಹಾಕಿದವನಿಗೆ ಎಂದಿಗಿಂತ ಹೆಚ್ಚು ಸಿಗುತ್ತದೆ. ಈ ವರ್ಷ ಕೆರೆಯಲ್ಲಿ ಮೀನು ಹುಲುಸು ಎಂದು ಅವನು ಹೇಳಿದರೆ ಅವನ ಬಲೆಯ ಮಟ್ಟಿಗೆ ಅದು ಸತ್ಯ, ಕೆರೆಯ ಮಟ್ಟಿಗೆ ಸುಳ್ಳು. ಕಾಡ್ ಮೀನೂ ಹಾಗೆಯೇ, ಸಂಖ್ಯೆ ಇಳಿದಂತೆ ಉಳಿದ ಒಳ್ಳೆಯ ಜಾಗಗಳಲ್ಲಿ ಗುಂಪುಗೂಡಿತು. ನೀರಿನೊಳಗಿನ ಮೀನನ್ನು ಪ್ರತಿಧ್ವನಿಯಿಂದ ಪತ್ತೆಹಚ್ಚುವ ಯಂತ್ರಗಳಿದ್ದ ಹಡಗುಗಳು ನೇರವಾಗಿ ಆ ಗುಂಪಿನ ಮೇಲೆ ಹೋಗಿ ನಿಂತವು. ಬಲೆ ತುಂಬಿ ಬರುತ್ತಲೇ ಇತ್ತು.

ಇತ್ತ ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಹೋಗುವವರು ಬೇರೆಯೇ ಮಾತನ್ನಾಡುತ್ತಿದ್ದರು. ಬೇಸಗೆಯಲ್ಲಿ ಕಾಡ್ ಮೀನು ತನ್ನ ಆಹಾರವಾದ ಸಣ್ಣ ಮೀನುಗಳನ್ನು ಅಟ್ಟಿಕೊಂಡು ದಡದ ಕಡೆಗೆ ಬರುವುದು ವಾಡಿಕೆ. ಬರುವುದು ಕಡಮೆಯಾಗಿದೆ, ಬಂದದ್ದೂ ಸಣ್ಣದಾಗಿದೆ ಎಂದು ಅವರು ದೂರಿದರು. ಇಲಾಖೆ ಕಿವಿಗೊಡದಿದ್ದಾಗ ತಾವೇ ಸಂಘ ಕಟ್ಟಿ, ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞರಿಂದ ಇಲಾಖೆಯ ಲೆಕ್ಕವನ್ನು ಪರೀಕ್ಷೆ ಮಾಡಿಸಿದರು. 1986ರಲ್ಲಿ ಬಂದ ಆ ವರದಿ ಮೀನಿನ ಸಂಖ್ಯೆಯನ್ನು ಹೆಚ್ಚಾಗಿ ಅಂದಾಜು ಮಾಡಲಾಗಿದೆ ಎಂದಿತು. ಗಾಳ ಹಾಕುವವನ ಅನುಭವ ಅಂಕಿಯಲ್ಲವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಸುಲಭ. ಅನುಭವವನ್ನು ಅಂಕಿಯಾಗಿ ಬರೆದು ತಂದಮೇಲೂ ತಳ್ಳಿಹಾಕಿದರೆ ಅದಕ್ಕೆ ಏನೆನ್ನಬೇಕು?

1989ರ ಹೊತ್ತಿಗೆ ಸರ್ಕಾರದ ವಿಜ್ಞಾನಿಗಳೇ ತಮ್ಮ ಲೆಕ್ಕ ತಪ್ಪಿತ್ತೆಂದು ಕಂಡುಕೊಂಡರು. ಹಿಂದಿನ ವರ್ಷದ ಮಿತಿ 2,66,000 ಟನ್ನು ಇತ್ತು. ಅದನ್ನು 1,25,000ಕ್ಕೆ ಇಳಿಸಬೇಕೆಂದು ಸಲಹೆ ಮಾಡಿದರು. ಹಾಗೆ ಮಾಡಿದರೆ ಕಾರ್ಖಾನೆಗಳು ಮುಚ್ಚುತ್ತವೆ, ಊರುಗಳು ಹಾಳಾಗುತ್ತವೆ. ಮಂತ್ರಿಗಳು ಯೋಚಿಸಿ 2,35,000 ಎಂದು ಗೊತ್ತುಮಾಡಿದರು.

ಈ ಅಂಕಿಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಮಂತ್ರಿಯನ್ನು ಖಳನೆಂದು ಕರೆದು ಮುಂದೆ ಹೋಗಲು ಮನಸ್ಸಾಗದು. ನಮ್ಮಲ್ಲಿ ಯಾರಾದರೂ ಆ ಕುರ್ಚಿಯಲ್ಲಿದ್ದರೆ ಏನು ಮಾಡುತ್ತಿದ್ದೆವು? ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬ ನೂರು ಕೇಳಿ ಇನ್ನೊಬ್ಬ ಐವತ್ತು ಎಂದರೆ, ಪಂಚಾಯಿತಿಯ ಯಜಮಾನ ಎಪ್ಪತ್ತೈದಕ್ಕೆ ಮುಗಿಸುತ್ತಾನೆ. ಇಬ್ಬರೂ ಗೊಣಗುತ್ತ ಮನೆಗೆ ಹೋಗುತ್ತಾರೆ, ಊರಿಗೆ ಶಾಂತಿ ಬರುತ್ತದೆ. ಇದನ್ನು ನಾವು ವಿವೇಕವೆನ್ನುತ್ತೇವೆ, ಅದು ವಿವೇಕವೇ ಸರಿ. ಏಕೆಂದರೆ ಅಲ್ಲಿ ಎರಡು ಕಡೆಯೂ ಇಷ್ಟವಿದೆ, ಇಷ್ಟವನ್ನು ಬಗ್ಗಿಸಬಹುದು. ಆದರೆ ವಿಜ್ಞಾನಿ ಹೇಳಿದ 1,25,000 ಅವನ ಇಷ್ಟವಾಗಿರಲಿಲ್ಲ. ಕಡಲು ತಡೆದುಕೊಳ್ಳಬಹುದಾದ ಭಾರದ ಅಂದಾಜು ಅದು. ಸೇತುವೆ ಹತ್ತು ಟನ್ನು ಹೊರುತ್ತದೆಂದು ಇಂಜಿನಿಯರು ಹೇಳಿ, ಲಾರಿಯ ಮಾಲೀಕ ಇಪ್ಪತ್ತು ಎಂದರೆ, ಹದಿನೈದಕ್ಕೆ ರಾಜಿ ಮಾಡಿಸುವವನನ್ನು ಯಾರೂ ವಿವೇಕಿ ಎನ್ನುವುದಿಲ್ಲ. ಪಂಚಾಯಿತಿಯ ಕಟ್ಟೆಗೆ ಕಡಲು ಬಂದು ಕುಳಿತಿರಲಿಲ್ಲ, ರಾಜಿಗೆ ಅದರ ಒಪ್ಪಿಗೆಯೂ ಇರಲಿಲ್ಲ.

ಮೂರು ವರ್ಷ ಕಳೆಯಿತು. 1992ರ ಜುಲೈ 2ರಂದು ಕೆನಡಾ ಸರ್ಕಾರ ಉತ್ತರದ ಕಾಡ್ ಮೀನನ್ನು ಹಿಡಿಯುವುದನ್ನೇ ನಿಷೇಧಿಸಿತು. ಎರಡು ವರ್ಷದ ಮಟ್ಟಿಗೆ ಎಂದರು. ಆರು ಲಕ್ಷಕ್ಕೂ ಕಡಮೆ ಜನರಿದ್ದ ಆ ಪ್ರಾಂತ್ಯದಲ್ಲಿ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಸರ್ಕಾರ ಪರಿಹಾರ ಕೊಟ್ಟಿತು. ಆದರೂ ಹಳ್ಳಿಗಳಿಂದ ಯುವಕರು ಬೇರೆ ಪ್ರಾಂತ್ಯಗಳಿಗೆ ಹೊರಟುಹೋದರು. ಎರಡು ವರ್ಷದ ನಿಷೇಧ 32 ವರ್ಷ ನಡೆಯಿತು.

ಆಮೇಲೆ ವಿಚಾರಣೆ ನಡೆಯಿತು. ನೀರು ತಣ್ಣಗಾದದ್ದು ಕಾರಣವೆಂದು ಕೆಲವರು ಹೇಳಿದರು. 1994ರಲ್ಲಿ ಜೆಫ್ರಿ ಹಚಿಂಗ್ಸ್ ಮತ್ತು ರ್‍ಯಾನ್ಸಮ್ ಮೈಯರ್ಸ್ ಎಂಬ ವಿಜ್ಞಾನಿಗಳು ಹಳೆಯ ದಾಖಲೆಗಳನ್ನು ಜಾಲಾಡಿ, ಮುಖ್ಯ ಕಾರಣ ಮಿತಿಮೀರಿ ಹಿಡಿದದ್ದೇ ಎಂದು ತೋರಿಸಿದರು. 1997ರಲ್ಲಿ ಹಚಿಂಗ್ಸ್ ಇನ್ನಿಬ್ಬರೊಡನೆ ಸೇರಿ ಮತ್ತೊಂದು ಲೇಖನ ಬರೆದ. ವಿಜ್ಞಾನಿಗಳಲ್ಲಿದ್ದ ಸಂಶಯ, ಭಿನ್ನಾಭಿಪ್ರಾಯಗಳು ಸರ್ಕಾರದ ವರದಿಗಳಲ್ಲಿ ಸರಿಯಾಗಿ ಕಾಣಿಸಿಕೊಳ್ಳಲಿಲ್ಲವೆಂಬುದು ಅದರ ದೂರು. ಅಧಿಕಾರಿಗಳು ಇದನ್ನು ಅಲ್ಲಗಳೆದರು. ಆ ಜಗಳದಲ್ಲಿ ತೀರ್ಪು ಕೊಡಲು ನಾನು ಹೋಗುವುದಿಲ್ಲ. ಆದರೆ ದೂರು ಎತ್ತುವ ಪ್ರಶ್ನೆ ಎಲ್ಲ ಕಚೇರಿಗಳಿಗೂ ಸಲ್ಲುತ್ತದೆ. ಪ್ರಯೋಗಶಾಲೆಯಲ್ಲಿ ‘ಇಷ್ಟರಿಂದ ಇಷ್ಟರವರೆಗೆ ಇರಬಹುದು’ ಎಂದು ಹುಟ್ಟಿದ ಮಾತು, ಒಂದೊಂದು ಮೇಜನ್ನು ದಾಟಿದಂತೆ ‘ಸುಮಾರು ಇಷ್ಟು’ ಆಗಿ, ಕೊನೆಯ ಮೇಜನ್ನು ಮುಟ್ಟುವಾಗ ‘ಇಷ್ಟು’ ಎಂದಾಗಿಬಿಡುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಪ್ರತಿಯೊಬ್ಬನೂ ಮೇಲಿನವರಿಗೆ ತೊಂದರೆಯಾಗದಿರಲೆಂದು ಸ್ವಲ್ಪ ಸ್ವಲ್ಪ ಸಂಶಯವನ್ನು ಒರೆಸಿರುತ್ತಾನೆ. ತನಗೆ ಗೊತ್ತಿರುವುದನ್ನು ಹೇಳುವುದು ವಿಜ್ಞಾನಿಯ ಕರ್ತವ್ಯದ ಅರ್ಧ. ತನಗೆ ಎಷ್ಟು ಗೊತ್ತಿಲ್ಲ ಎಂಬುದು ಕೊನೆಯ ಮೇಜಿನವರೆಗೂ ತಲುಪುವಂತೆ ನೋಡಿಕೊಳ್ಳುವುದು ಉಳಿದ ಅರ್ಧ, ಹೆಚ್ಚು ಕಷ್ಟದ ಅರ್ಧ.

ಇಷ್ಟು ಹೇಳಿದ ಮೇಲೆ ಸಂಶಯದ ಲಾಭ ಮೀನಿಗೇ ಸಲ್ಲತಕ್ಕದ್ದೆಂದು ತೀರ್ಪು ಬರೆದು ಏಳಬಹುದು ಎನಿಸುತ್ತದೆ. ಅಷ್ಟು ಬೇಗ ಏಳುವುದು ಸರಿಯಲ್ಲ. ನಮ್ಮ ಕರಾವಳಿಯ ಬೂತಾಯಿ ಮೀನಿನ ಕಥೆ ಬೇರೆಯೇ ಇದೆ.

ಬೂತಾಯಿ ಚಂಚಲವಾದ ಮೀನು. ಒಂದು ವರ್ಷ ದಡದಲ್ಲಿ ಗೊಬ್ಬರಕ್ಕೆ ಹಾಕುವಷ್ಟು ಬರುತ್ತದೆ, ಇನ್ನೊಂದು ವರ್ಷ ಸಾರಿಗೂ ಸಿಕ್ಕದು. 1940ರ ದಶಕದಲ್ಲಿ ಅದು ಬಹಳ ಕಡಮೆಯಾದಾಗ, ದಕ್ಷಿಣ ಕನ್ನಡವೂ ಮಲಬಾರೂ ಸೇರಿದ್ದ ಅಂದಿನ ಮದ್ರಾಸು ಸರ್ಕಾರ ಹಿಡಿಯುವುದರ ಮೇಲೆ ಕೆಲವು ನಿರ್ಬಂಧಗಳನ್ನು ಹಾಕಿ, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತು. 1950ರ ದಶಕದಲ್ಲಿ ಮೀನು ಮತ್ತೆ ಹೇರಳವಾಗಿ ಬಂತು. ತೀರ ಈಚಿನ ಲೆಕ್ಕವನ್ನು ನೋಡಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಿಂದ ದಡದ ಬಂದರುಗಳಲ್ಲಿ ಮೀನಿನ ಲೆಕ್ಕವನ್ನು ಇಡುತ್ತ ಬಂದಿದೆ. ಅದರ ಪ್ರಕಾರ ಕೇರಳದ ದಡಕ್ಕೆ 2012ರಲ್ಲಿ ಬಂದ ಬೂತಾಯಿ ಸುಮಾರು 3.9 ಲಕ್ಷ ಟನ್ನು. 2021ರಲ್ಲಿ 3,297 ಟನ್ನು. ಮರುವರ್ಷ ಮತ್ತೆ ಒಂದು ಲಕ್ಷ ಟನ್ನಿನ ಆಸುಪಾಸು. ಮರಿಮೀನನ್ನು ಹಿಡಿದದ್ದೂ ಕಾರಣ, ಕಡಲಿನ ಬಿಸಿ ಏರಿದ್ದೂ ಕಾರಣ, ಮಳೆಗಾಲದ ಏರುಪೇರೂ ಕಾರಣ. ಯಾವುದು ಎಷ್ಟು ಪಾಲು ಎಂದು ಬಿಡಿಸಿ ಹೇಳುವುದು ಕಷ್ಟ. ಇಂಥ ಮೀನಿನ ವಿಷಯದಲ್ಲಿ ಪ್ರತಿ ಇಳಿತಕ್ಕೂ ಬಲೆಯನ್ನು ಗಲ್ಲಿಗೇರಿಸಿದರೆ ನಿರಪರಾಧಿಗೆ ಶಿಕ್ಷೆಯಾಗುವುದು ಖಂಡಿತ.

ಅದೂ ಯಾರ ಬಲೆ? ನಮ್ಮ ಕರಾವಳಿಯಲ್ಲಿ ಹಿಂದೆ ರಂಪಣಿ ಎಂಬ ದೊಡ್ಡ ಬಲೆಯಿತ್ತು. ದೋಣಿಯಿಂದ ಅದನ್ನು ಕಡಲಿನಲ್ಲಿ ಬಳಸಿ ತಂದು, ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯಬೇಕು. ಬಂಗುಡೆಯೋ ಬೂತಾಯಿಯೋ ಬಂದರೆ ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂದು, ಮೀನು ದಡಕ್ಕೆ ಬರುವ ಮುಂಚೆಯೇ ಕಡಲಿನಲ್ಲಿ ಅದನ್ನು ಸುತ್ತುವರಿಯಿತು. ಜಗಳಗಳಾದವು. ರಂಪಣಿ ಕೆಲವೇ ವರ್ಷಗಳಲ್ಲಿ ಹಿಂದೆ ಬಿತ್ತು. ‘ಮನುಷ್ಯ ಅತಿಯಾಗಿ ಹಿಡಿದ’ ಎಂದು ಪುಸ್ತಕದಲ್ಲಿ ಬರೆಯುವಾಗ ಆ ಮನುಷ್ಯ ಒಬ್ಬನಲ್ಲ. ಹಿಡಿದವನು ಒಬ್ಬ, ಬೆಲೆ ತೆತ್ತವನು ಇನ್ನೊಬ್ಬ. ನ್ಯೂಫೌಂಡ್ಲೆಂಡಿನಲ್ಲಿಯೂ ಮೊದಲು ಕೂಗಿ ಹೇಳಿದವನು ಗಾಳದವನು, ಕೊನೆಗೆ ಮನೆಯಲ್ಲಿ ಕುಳಿತವನೂ ಅವನೇ.

ಆದಕಾರಣ ನನ್ನ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕಾಗಿದೆ. ಸಂಶಯದ ಲಾಭ ಯಾರಿಗೆ ಎಂಬುದು ಒಂದು; ಸಂಶಯದ ನಷ್ಟ ಯಾರ ಮೇಲೆ ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಕೇಳಿ ಎರಡನೆಯದನ್ನು ಮರೆಯುವುದು ನನ್ನಂಥ ಮೀನು ತಿನ್ನದ ಪಟ್ಟಣಿಗರ ದೋಷ. ಎರಡನೆಯದನ್ನು ಮಾತ್ರ ಕೇಳಿ ಮೊದಲನೆಯದನ್ನು ಮುಂದಕ್ಕೆ ಹಾಕುತ್ತ ಹೋಗುವುದು ಸರ್ಕಾರಗಳ ದೋಷ.

ಮೊದಲನೆಯದಕ್ಕೆ ಉತ್ತರ ಹುಡುಕುವಾಗ ನ್ಯೂಜಿಲೆಂಡಿನ ಒಂದು ಸಣ್ಣ ಪ್ರಯೋಗ ನನಗೆ ದಾರಿ ತೋರಿಸಿತು. ಆ ದೇಶದ ಉತ್ತರ ಭಾಗದಲ್ಲಿ ಲೀ ಎಂಬ ಊರು. ಅಲ್ಲಿ ಆಕ್ಲೆಂಡ್ ವಿಶ್ವವಿದ್ಯಾನಿಲಯದ ಕಡಲ ಪ್ರಯೋಗಶಾಲೆಯಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಬಿಲ್ ಬ್ಯಾಲಂಟೈನ್ ಎಂಬಾತ, ಎದುರಿಗಿನ ಕಡಲಿನ ಒಂದು ತುಂಡಿನಲ್ಲಿ ಯಾರೂ ಏನನ್ನೂ ಹಿಡಿಯದಂತೆ ಮಾಡಬೇಕೆಂದು ವರ್ಷಗಟ್ಟಲೆ ಪಟ್ಟುಹಿಡಿದ. ಅದರಿಂದ ಏನು ಪ್ರಯೋಜನವೆಂದು ರುಜುವಾತು ಕೊಡಿ ಎಂದು ಜನ ಕೇಳಿದರು. ಕೊಡಲು ರುಜುವಾತು ಇರಲಿಲ್ಲ. ಹಿಡಿಯದೆ ಬಿಟ್ಟ ಕಡಲು ಹೇಗಿರುತ್ತದೆಂದು ತಿಳಿಯಬೇಕಾದರೆ ಮೊದಲು ಹಿಡಿಯದೆ ಬಿಡಬೇಕಲ್ಲ! 1971ರಲ್ಲಿ ಆದ ಕಾಯಿದೆಯೂ ಇಂಥ ಸ್ಥಳಗಳನ್ನು ವಿಜ್ಞಾನದ ಅಧ್ಯಯನಕ್ಕಾಗಿ ಕಾಯ್ದಿಡಲು ಅವಕಾಶ ಕೊಟ್ಟಿತು. 1975ರಲ್ಲಿ ಸುಮಾರು 5 ಚದರ ಕಿಲೋಮೀಟರಿನಷ್ಟು ಕಡಲನ್ನು ಬೇಲಿಯಿಲ್ಲದ ಆ ಬೇಲಿಯೊಳಗೆ ತಂದರು.

ಅಲ್ಲಿಯ ಬಂಡೆಗಳು ಆಗ ಬೋಳಾಗಿದ್ದವು. ಸೀ ಅರ್ಚಿನ್ ಎಂಬ, ಮೈಯೆಲ್ಲ ಮುಳ್ಳಿನ ಪ್ರಾಣಿ ಕಡಲ ಪಾಚಿಯನ್ನೆಲ್ಲ ಮೇಯ್ದು ಮುಗಿಸಿತ್ತು. ಬಂಡೆ ಎಂದರೆ ಹೀಗೆಯೇ ಬೋಳಾಗಿರುವುದು ಸಹಜವೆಂದು ಎಲ್ಲರೂ ತಿಳಿದಿದ್ದರು. ವರ್ಷಗಳು ಕಳೆದಂತೆ ಸ್ನ್ಯಾಪರ್ ಮೀನು ಹೆಚ್ಚಿತು, ದೊಡ್ಡದಾಯಿತು, ಲಾಬ್‌ಸ್ಟರ್‌ಗಳು ಹೆಚ್ಚಿದವು. ಅವು ಅರ್ಚಿನ್ನುಗಳನ್ನು ತಿಂದವು. ಅರ್ಚಿನ್ನು ಇಳಿದ ಮೇಲೆ ಕೆಲ್ಪ್ ಎಂಬ ದೊಡ್ಡ ಪಾಚಿಯ ತೋಪುಗಳು ಬಂಡೆಗಳ ಮೇಲೆ ಮರಳಿ ಎದ್ದವು. ಬೋಳು ಬಂಡೆ ಸಹಜ ಸ್ಥಿತಿಯಲ್ಲ, ಮನುಷ್ಯ ಮೀನು ಹಿಡಿದುದರ ದೂರದ ಫಲವೆಂದು ಆಗ ಗೊತ್ತಾಯಿತು. ಇಪ್ಪತ್ತು ಮೂವತ್ತು ವರ್ಷ ಕೈಕಟ್ಟಿ ನಿಲ್ಲದಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ನಾವು ಸಾಮಾನ್ಯವಾಗಿ ಜ್ಞಾನ ಮೊದಲು, ಸಂಯಮ ಆಮೇಲೆ ಎಂದುಕೊಳ್ಳುತ್ತೇವೆ. ಕೆಟ್ಟದ್ದೆಂದು ಗೊತ್ತಾಗಲಿ, ಬಿಡುತ್ತೇವೆ. ಇದು ನಮ್ಮ ವಾದ. ಲೀ ಊರಿನ ಕಡಲಿನಲ್ಲಿ ಸಂಯಮ ಮೊದಲು ಬಂತು, ಜ್ಞಾನ ಅದರ ಹಿಂದೆ ಬಂತು. ಇದು ವೈರಾಗ್ಯದ ಮಾತಲ್ಲ. ಪ್ರಯೋಗದ ವಿಧಾನವೇ ಹಾಗೆ. ಔಷಧಿ ಕೊಡದೆ ಬಿಟ್ಟ ಗುಂಪನ್ನು ಎದುರಿಗೆ ಇಟ್ಟುಕೊಳ್ಳದೆ ಔಷಧಿಯ ಗುಣ ಗೊತ್ತಾಗದು. ಎಲ್ಲ ಕಡಲನ್ನೂ ಬಲೆಯಿಂದ ಗುಡಿಸುತ್ತ, ಗುಡಿಸುವುದರಿಂದ ಏನೂ ಆಗಿಲ್ಲವೆನ್ನುವವನಿಗೆ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ. ಸಂಶಯವನ್ನು ಕಳೆಯುವ ಸಾಧನವನ್ನೇ ನಾಶಮಾಡಿ ಸಂಶಯದ ಲಾಭವನ್ನು ಕೇಳುವುದು ಯಾವ ನ್ಯಾಯಾಲಯದಲ್ಲೂ ನಿಲ್ಲಲಾರದು.

1992ರ ಜೂನ್ ತಿಂಗಳಿನಲ್ಲಿ ರಿಯೊ ನಗರದಲ್ಲಿ ಸೇರಿದ ರಾಷ್ಟ್ರಗಳು ಒಂದು ಘೋಷಣೆಗೆ ಒಪ್ಪಿದವು. ತಿದ್ದಲಾಗದ ಹಾನಿಯ ಭಯವಿರುವ ಕಡೆ, ವಿಜ್ಞಾನದ ಪೂರ್ಣ ನಿಶ್ಚಯವಿಲ್ಲವೆಂಬ ನೆಪದಿಂದ ಕ್ರಮವನ್ನು ಮುಂದೂಡಕೂಡದು ಎಂಬುದು ಅದರ ಹದಿನೈದನೆಯ ತತ್ತ್ವದ ಸಾರ. ಸಭೆ ಮುಗಿದು ಮೂರು ವಾರ ತುಂಬುವ ಮೊದಲೇ ನ್ಯೂಫೌಂಡ್ಲೆಂಡಿನ ಕಡಲು ಮುಚ್ಚಿತು. ತತ್ತ್ವ ಸರಿಯಾಗಿತ್ತು, ಆ ಮೀನಿನ ಪಾಲಿಗೆ ಹೊತ್ತು ಮೀರಿತ್ತು.

ಹೀಗೆ ನನ್ನ ಮೊದಲನೆಯ ತೀರ್ಮಾನ: ಸಂಶಯದ ಲಾಭ, ಕಳೆದುಕೊಂಡರೆ ಮರಳಿ ಬಾರದ ಪಕ್ಷಕ್ಕೆ ಸಲ್ಲತಕ್ಕದ್ದು. ಇದು ಹೊಸ ನ್ಯಾಯವೇನೂ ಅಲ್ಲ; ಗಲ್ಲಿನ ವಿಷಯದಲ್ಲಿ ನಾವು ಆಗಲೇ ಒಪ್ಪಿಕೊಂಡಿರುವ ಲೆಕ್ಕವೇ. ಒಂದು ವರ್ಷ ಅನಾವಶ್ಯಕವಾಗಿ ಕಡಮೆ ಹಿಡಿದರೆ, ಆ ಮೀನು ಕಡಲಿನಲ್ಲಿಯೇ ಇದ್ದು ಮರುವರ್ಷ ದೊಡ್ಡದಾಗಿ ಸಿಗುವ ಸಂಭವವುಂಟು. ಅನಾವಶ್ಯಕವಾಗಿ ಹೆಚ್ಚು ಹಿಡಿದರೆ 32 ವರ್ಷ ಕಾಯಬೇಕಾಗಬಹುದು. ಬೂತಾಯಿಯಂತೆ ತಾನೇ ಏರಿ ಇಳಿಯುವ, ಬೇಗ ಬೆಳೆದು ಬೇಗ ಮರಿಮಾಡುವ ಮೀನಿಗೆ ಈ ಲೆಕ್ಕ ಸಡಿಲ. ನಿಧಾನವಾಗಿ ಬೆಳೆಯುವ ಕಾಡ್ ಮೀನಿಗೆ ಬಿಗಿ. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಹೇಳುವುದಕ್ಕೇ ಸಂಶೋಧನೆ ಬೇಕು. ಕಡಲಿನ ರಕ್ಷಣೆಗೆ ವಿಜ್ಞಾನ ಮಾಡಬಹುದಾದ ಸಹಾಯವೆಂದರೆ ನಿಶ್ಚಯವನ್ನು ತಂದುಕೊಡುವುದಲ್ಲ, ಯಾವ ತಪ್ಪು ಎಷ್ಟು ದುಬಾರಿ ಎಂದು ಮೊದಲೇ ತಿಳಿಸುವುದು.

ಎರಡನೆಯ ತೀರ್ಮಾನ ಮೊದಲನೆಯದರ ಬೆನ್ನಿಗೇ ಬರಬೇಕು: ಮೀನಿಗೆ ಕೊಟ್ಟ ಲಾಭದ ಬೆಲೆಯನ್ನು ಗಾಳದವನ ತಟ್ಟೆಯಿಂದ ಕಿತ್ತುಕೊಳ್ಳಕೂಡದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಯಂತ್ರವಿಲ್ಲದ ನಾಡದೋಣಿಗಳಿಗೆ ತಡೆಯಿಲ್ಲ. ಭಾರವನ್ನು ದೊಡ್ಡ ಬಲೆಯ ಮೇಲೆ ಹೊರಿಸುವ ಈ ಏರ್ಪಾಡಿನಲ್ಲಿ ನ್ಯಾಯವಿದೆ. ಆದರೂ ಯಂತ್ರದ ದೋಣಿಯ ಒಡೆಯನಿಗೆ ಅದು ದುರಸ್ತಿಯ ಕಾಲವಾದರೆ, ಅದರಲ್ಲಿ ಕೂಲಿಗೆ ಹೋಗುವವನಿಗೂ ಬಂದರಿನಲ್ಲಿ ಬುಟ್ಟಿ ಹೊರುವವಳಿಗೂ ಬರಿಗೈಯ ಕಾಲ. ಆ ಎರಡು ತಿಂಗಳು ಕಡಲಿಗೆ ಬಿಡುವು ಕೊಟ್ಟವರು ಅವರು. ಅದರ ಪುಣ್ಯವನ್ನು ಪಡೆಯುವವರು ನಾವೆಲ್ಲರೂ, ಮೀನು ತಿನ್ನುವವರೂ ತಿನ್ನದವರೂ. ಪುಣ್ಯದಲ್ಲಿ ಪಾಲಿರುವವರು ಖರ್ಚಿನಲ್ಲಿಯೂ ಪಾಲು ಕೊಡಬೇಕು. ತೆರಿಗೆಯ ರೂಪದಲ್ಲಿಯೋ, ಮೀನಿನ ಬೆಲೆಯ ರೂಪದಲ್ಲಿಯೋ, ಅದು ಬೇರೆ ಮಾತು.

2024ರ ಜೂನ್ ತಿಂಗಳಿನಲ್ಲಿ ಕೆನಡಾ ಸರ್ಕಾರ ಉತ್ತರದ ಕಾಡ್ ಮೀನಿನ ನಿಷೇಧವನ್ನು ತೆಗೆದುಹಾಕಿ, ಆ ವರ್ಷಕ್ಕೆ 18,000 ಟನ್ನಿನ ಮಿತಿಯನ್ನು ಗೊತ್ತುಮಾಡಿತು. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಮೀನು ಹೇಳಿಕೊಳ್ಳುವಂತೆ ಹೆಚ್ಚಿರಲಿಲ್ಲ. ಹೆಚ್ಚು ವರ್ಷಗಳ ದಾಖಲೆಗಳನ್ನು ಸೇರಿಸಿಕೊಂಡು ವಿಜ್ಞಾನಿಗಳು ಅಪಾಯದ ಗೆರೆಯನ್ನು ಹೊಸದಾಗಿ ಎಳೆದಿದ್ದರು. ಹೊಸ ಗೆರೆಯ ಪ್ರಕಾರ ಮೀನು ಅಪಾಯದಿಂದ ಎಚ್ಚರಿಕೆಯ ಮಟ್ಟಕ್ಕೆ ಏರಿತ್ತು. ಗೆರೆ ಸರಿಯಾದದ್ದೇ ಇರಬಹುದು. ಆದರೆ 1995ರಲ್ಲಿ ಡೇನಿಯಲ್ ಪಾಲಿ ಎಂಬ ವಿಜ್ಞಾನಿ ಹೇಳಿದ ಒಂದು ಮಾತನ್ನು ಇಲ್ಲಿ ನೆನೆಯಬೇಕು. ಪ್ರತಿ ತಲೆಮಾರೂ ತಾನು ಹರೆಯದಲ್ಲಿ ಕಂಡ ಕಡಲನ್ನೇ ತುಂಬಿದ ಕಡಲೆಂದು ತಿಳಿಯುತ್ತದೆ. ಅಲ್ಲಿಂದ ಇಳಿದದ್ದನ್ನು ಮಾತ್ರ ನಷ್ಟವೆಂದು ಎಣಿಸುತ್ತದೆ. ನಿಷೇಧದ ವರ್ಷ ಹುಟ್ಟಿದ ಮಗು 2024ರಲ್ಲಿ 32 ವರ್ಷದ ಮೀನುಗಾರ. ಅವನಿಗೆ 18,000 ಟನ್ನು ದೊಡ್ಡ ಮೊತ್ತ. ಅವನ ಅಜ್ಜನಿಗೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಈ ಮೊಮ್ಮಗ ಎದ್ದುನಿಂತು, ಹಿಡಿದರೆ ಕೆಡುಕಾಗುತ್ತದೆಂದು ಖಚಿತವಾಗಿ ಗೊತ್ತೇ ಎಂದು ಕೇಳುವ ದಿನ ಬರುತ್ತದೆ. ಪ್ರಾಮಾಣಿಕನಾದ ವಿಜ್ಞಾನಿ ಆ ದಿನವೂ ಇಲ್ಲವೆಂದೇ ಹೇಳಬೇಕಾಗುತ್ತದೆ. ಆ ಉತ್ತರವನ್ನು ಕೇಳಿಸಿಕೊಂಡ ಮೇಲೆ ಏನು ಮಾಡುವುದೆಂಬುದು ವಿಜ್ಞಾನಿಯ ಪ್ರಶ್ನೆಯಲ್ಲ. ಅದು ನಮ್ಮ ಪ್ರಶ್ನೆ.